ಏಲಿಯನ್ ಮೊದಲನೇ ಭಾಗ ನೋಡಿ ನಮ್ಮ ಬೋಟಿನವರು ನಕ್ಕಿದ್ದು

ಬೈತಖೋಲ ಬೋಟು:
ಹೊರಗೆ ಮಳೆ ಹಿಡಿದುಕೊಂಡು ನಾಲ್ಕು ದಿನ ಆಯ್ತು. ಮಾಡೋಕೆ ಬೇರೆ ಕೆಲಸ ಇಲ್ಲದೆ ಹಾಲಿವುಡ್ಡಿನ ಏಲಿಯನ್ ಸಿನಿಮಾ ಸರಣಿ ಮತ್ತೆ ಮೊದಲಿಂದ ಹಚ್ಚಿಕೊಂಡು ಕೂತಿದ್ದೇನೆ. ಇಲ್ಲಿ ಅದರ ಹುಚ್ಚು ಇದ್ದವರು ಇದ್ದೀರಿ ಅಂತ ಗೊತ್ತು. ಯಾರು ಎಲ್ಲಿ, ಹೇಗೆ ಮೊದಲು ನೋಡಿದಿರಿ, ಯಾವ ಭಾಗ ಇಷ್ಟ, ಬರೀರಿ. ಮೊದಲು ನನ್ನದು.

1993ರ ಮಳೆಗಾಲ. ನನಗೆ ಹತ್ತು ವರ್ಷ. ಅಪ್ಪ ಪರ್ಸೀನ್ (ಸುತ್ತುಬಲೆ) ಬೋಟಿನಲ್ಲಿ ತಾಂಡೇಲ, ಅಂದರೆ ಬೋಟಿನ ಕ್ಯಾಪ್ಟನ್. ಬೋಟುಗಳೆಲ್ಲ ದಡ ಹತ್ತಿದ್ದವು, ನೂಲ ಹುಣ್ಣಿಮೆ ತನಕ ಯಾರಿಗೂ ದುಡಿಮೆ ಇಲ್ಲ. ಹಗಲು ಬಲೆ ರಿಪೇರಿ, ರಾತ್ರಿ ಇಸ್ಪೀಟು. ಒಂದು ಶನಿವಾರ ಎಲ್ಲರೂ ದುಡ್ಡು ಕೂಡಿಸಿ ಟಿವಿ, ವಿಸಿಆರ್ ಬಾಡಿಗೆಗೆ ತಂದರು. ಜೊತೆಗೆ ಮೂರು ಕ್ಯಾಸೆಟ್ಟು. ಎರಡು ಹಿಂದಿ. ಮೂರನೆಯದು "ದೆವ್ವದ್ದು, ಚಲೋ ಉಂಟು, ತಗೊಂಡ್ಹೋಗಿ" ಅಂತ ಅಂಗಡಿಯವ ಕೈಗೆ ತುರುಕಿದ್ದು. ಅದೇ 1979ರ ಏಲಿಯನ್.

ಇಂಗ್ಲಿಷ್ ಅಲ್ಲಿ ಯಾರಿಗೂ ಬರ್ತಿರಲಿಲ್ಲ. ಮೊದಲ ಹತ್ತು ನಿಮಿಷ ಖಾಲಿ ಹಡಗು, ಓಣಿ, ದೀಪ. ಎರಡು ಜನ ನಿದ್ದೆಗೇ ಇಳಿದರು. ಆಮೇಲೆ ಏಳು ಜನ ಎದ್ದು ಬಂದು ಊಟಕ್ಕೆ ಕೂರ್ತಾರಲ್ಲ, ಎಂಜಿನ್ ಕಡೆಯ ಇಬ್ಬರು, ಪಾರ್ಕರ್ ಮತ್ತು ಬ್ರೆಟ್, ಏನೋ ತಕರಾರು ತೆಗೀತಾರೆ. ಕ್ಯಾಪ್ಟನ್ ಮುಖ ಸಿಂಡರಿಸ್ತಾನೆ. ಆಗ ನಮ್ಮ ಬೋಟಿನ ಡ್ರೈವರ್ ಗೋಡೆಗೆ ಒರಗಿಕೊಂಡೇ "ಪಾಲಿಂದೇ ಜಗಳ ಇದು, ಕೇಳಿ ಬೇಕಾದ್ರೆ" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಪ್ಪನೂ ನಕ್ಕರು, ಸ್ವಲ್ಪ ಹುಳ್ಳಗೆ.

ಎಷ್ಟೋ ವರ್ಷದ ಮೇಲೆ ಸಬ್‌ಟೈಟಲ್ ಹಾಕಿ ನೋಡಿದಾಗ ಗೊತ್ತಾಯ್ತು, ಡ್ರೈವರ್ ಹೇಳಿದ್ದು ಅಕ್ಷರಶಃ ನಿಜ. ಪಾರ್ಕರ್ ಮತ್ತು ಬ್ರೆಟ್‌ಗೆ ಉಳಿದವರಷ್ಟು ಪಾಲು ಇಲ್ಲ, ಅದನ್ನೇ ಕೇಳ್ತಿದ್ದಾರೆ. ಅವರ ಅಂತರಿಕ್ಷ ಹಡಗು ನೊಸ್ಟ್ರೊಮೊ ಯುದ್ಧನೌಕೆ ಅಲ್ಲ, ಎರಡು ಕೋಟಿ ಟನ್ ಅದಿರು ಎಳೆದುಕೊಂಡು ಮನೆಗೆ ಹೊರಟ ಟಗ್ಗು. ದಾರೀಲಿ ಸಿಗ್ನಲ್ ಸಿಗ್ತದೆ. ಹೋಗೋ ಮನಸ್ಸು ಯಾರಿಗೂ ಇಲ್ಲ. ಆದರೆ ಹೋಗಿ ನೋಡದಿದ್ದರೆ ಇಡೀ ಪಾಲು ಮುಟ್ಟುಗೋಲು ಅಂತ ಕರಾರಿನಲ್ಲಿ ಬರೆದಿದೆ. ನಮ್ಮ ಕಡಲಲ್ಲಿ ವೈರ್‌ಲೆಸ್‌ನಲ್ಲಿ ಯಾರಾದರೂ ಕೂಗಿದರೆ ಕರಾರು ನೋಡೋಲ್ಲ, ಬಲೆ ಎತ್ತಿ ಬೋಟು ತಿರುಗಿಸ್ತಾರೆ. ಅಲ್ಲಿ ಅದಕ್ಕೂ ದಂಡದ ಕಲಮು ಬೇಕಾಯ್ತು.

ಇನ್ನೊಂದು. ಬ್ರೆಟ್ ಬೆಕ್ಕು ಹುಡುಕಿಕೊಂಡು ಸರಪಳಿ ಜೋತಾಡೋ ಕೋಣೆಗೆ ಹೋಗ್ತಾನೆ. ಮೇಲಿಂದ ನೀರು ತೊಟ್ಟಿಕ್ಕುತ್ತಿದೆ. ಅವನು ಟೋಪಿ ತೆಗೆದು, ಮುಖ ಮೇಲೆತ್ತಿ, ಕಣ್ಣು ಮುಚ್ಚಿ ಸುಮ್ಮನೆ ನಿಲ್ತಾನೆ. ಎಂಜಿನ್ ರೂಮಿನ ಸೆಖೆಯಿಂದ ಮೇಲೆ ಬಂದವನು ಮೊದಲ ಮಳೆಗೆ ಹೀಗೇ ಮುಖ ಒಡ್ಡೋದು. ಕತೆಗೆ ಆ ಕ್ಷಣ ಬೇಕಾಗಿಯೇ ಇರಲಿಲ್ಲ. ಅದಕ್ಕೇ ನನಗೆ ಮೊದಲನೆಯದೇ ಎಲ್ಲಕ್ಕಿಂತ ಮೇಲೆ. ಉಳಿದವು ಪ್ರಾಣಿಯ ಸಿನಿಮಾ, ಇದು ಬೋಟಿನವರ ಸಿನಿಮಾ.

ಅಟ್ಟದ ಹೆಗಡೆ:
ಬೋಟಣ್ಣ, ಬರೆದಿದ್ದು ಚೊಲೋ ಇದೆ, ತೀರ್ಪು ಮಾತ್ರ ತಪ್ಪು. ಎರಡನೇದು, 1986ರ ಏಲಿಯನ್ಸ್, ಅದರ ಮುಂದೆ ಯಾವುದೂ ಇಲ್ಲ. ಮೊದಲನೇದಕ್ಕೆ ಮೈಯೆಲ್ಲ ಉದಾಸೀನ. ಒಂದು ತಾಸು ಕಾದ ಮೇಲೆ ಒಂದು ಹುಳ ಹೊರಗೆ ಬರ್ತದೆ.

ನಾನು ನೋಡಿದ್ದು ಶಿರಸಿ ಹತ್ತಿರ ಹಳ್ಳೀಲಿ, ಕೇಬಲ್ ಬಂದ ಹೊಸತು. ನಾನು, ಅಣ್ಣ ಇಬ್ಬರೇ ಜಗಲಿ ಮೇಲೆ. ದನಿ ಸಣ್ಣ ಮಾಡಿ ಇಟ್ಟಿದ್ದು, ಒಳಗೆ ಅಜ್ಜ ಮಲಗಿದ್ದ. ಸೈನಿಕರ ಕೈಲಿ ಸುಳಿವು ತೋರಿಸೋ ಯಂತ್ರ ಇರ್ತದಲ್ಲ, ಟಿಕ್ ಟಿಕ್ ಅಂತ. ಹತ್ತು ಮೀಟರ್, ಎಂಟು, ಆರು. "ಆಗೋಕೆ ಸಾಧ್ಯವಿಲ್ಲ, ಅದು ಕೋಣೆಯ ಒಳಗೇ ಆಯ್ತು" ಅಂತ ಗಾಬರಿ. ಬಾಗಿಲಿಗೆ ಬೆಸುಗೆ ಹಾಕಿ ಭದ್ರ ಮಾಡಿದ್ದಾರೆ, ಯಾವುದೂ ಒಡೆದಿಲ್ಲ. ಆಮೇಲೆ ಒಬ್ಬೊಬ್ಬರೇ ತಲೆ ಎತ್ತಿ ಮೇಲೆ ನೋಡ್ತಾರೆ.

ಅದೇ ಹೊತ್ತಿಗೆ ನಮ್ಮ ಅಟ್ಟದ ಮೇಲೆ ದಡಬಡ ಅಂತು.

ದೇವರಾಣೆ ಸುಳ್ಳಲ್ಲ. ಅಡಿಕೆ ಚೀಲದ ಮೇಲೆ ಕಬ್ಬೆಕ್ಕು ಓಡಿದ್ದು, ದಿನಾ ಓಡೋದೇ. ಅಣ್ಣ ಕೂಗಿದ ಕೂಗಿಗೆ ಆಯಿ ಎದ್ದು ಬಂದು "ಎಂತದ್ರಾ ಅದು, ಮಧ್ಯರಾತ್ರಿ ಮೇಲೆ" ಅಂತ ಟಿವಿ ಬಂದ್ ಮಾಡಿದಳು. ಏಲಿಯನ್‌ಗಳ ರಾಣಿ ಮತ್ತು ನಾಯಕಿ ರಿಪ್ಲಿ ಹೊಡೆದಾಟ ನೋಡಿದ್ದು ಮತ್ತೆ ಆರು ತಿಂಗಳಿಗೆ.

ಪವರ್ ಲೋಡರ್, ಅಂದರೆ ಮೈಗೆ ತೊಟ್ಟು ಸಾಮಾನು ಎತ್ತೋ ಯಂತ್ರ, ಹಾಕಿಕೊಂಡು ಅವಳು ಬಾಗಿಲಿನಿಂದ ಹೊರಗೆ ಬರೋದು ಇದೆಯಲ್ಲ, ಅದಕ್ಕೆ ಸಮ ಯಾವುದಿದೆ ಹೇಳಿ? ರಿಪ್ಲಿ ಪಾತ್ರದ ಸಿಗೋರ್ನಿ ವೀವರ್‌ಗೆ ಅತ್ಯುತ್ತಮ ನಟಿ ಆಸ್ಕರ್‌ಗೆ ನಾಮನಿರ್ದೇಶನ ಸಿಕ್ಕಿದ್ದೂ ಈ ಭಾಗಕ್ಕೇ. ಇಂಥ ಸಿನಿಮಾದ ನಟಿಯನ್ನು ಆಸ್ಕರ್‌ನವರು ಆಗ ಕಣ್ಣೆತ್ತಿಯೂ ನೋಡ್ತಿರಲಿಲ್ಲ.

ಮಲ್ಲಾಪುರ ಶಿಫ್ಟು:
ನನ್ನ ಮತ ಬೋಟಿನವರಿಗೆ. ಕಾರಣ ಬೇರೆ. ಇಪ್ಪತ್ತು ವರ್ಷ ಶಿಫ್ಟಿನಲ್ಲಿ ಯಂತ್ರದ ಮುಂದೆ ಕೂತವನು ನಾನು. ಕೊನೆಗೆ ರಿಪ್ಲಿ ಒಬ್ಬಳೇ ಹಡಗು ಸ್ಫೋಟಿಸೋ ವ್ಯವಸ್ಥೆ ಚಾಲೂ ಮಾಡ್ತಾಳಲ್ಲ, ಅಲ್ಲಿ ಗುಂಡಿ ಒತ್ತಿ ಓಡೋದಿಲ್ಲ. ಮುಚ್ಚಳ ತೆಗಿ, ಸೂಚನೆ ಓದು, ಒಂದೊಂದನ್ನೇ ತಿರುಗಿಸು, ಎತ್ತು, ಮತ್ತೆ ಓದು. ಬೆವರು ಇಳೀತಿದೆ, ಆದರೂ ಸೂಚನೆ ತುಟಿಯಲ್ಲೇ ಓದಿಕೊಳ್ತಾಳೆ. ಒಟ್ಟು ಹತ್ತು ನಿಮಿಷ. ಮೊದಲ ಐದರ ಒಳಗೆ ಮನಸ್ಸು ಬದಲಾದರೆ ನಿಲ್ಲಿಸಬಹುದು. ಅವಳು ತಿರುಗಿ ಬಂದು ನಿಲ್ಲಿಸೋಕೆ ನೋಡ್ತಾಳೆ, ಕೆಲವೇ ಕ್ಷಣಕ್ಕೆ ತಪ್ಪಿಹೋಗ್ತದೆ. ಬಾಯಿಗೆ ಬಂದ ಹಾಗೆ ಕಂಪ್ಯೂಟರಿಗೆ ಬೈತಾಳೆ. ನಾವೂ ಬೈತೇವೆ. ಬರೆದವರು ಯಾರೋ ನಿಜವಾಗಿ ಯಂತ್ರದ ಹತ್ತಿರ ನಿಂತವರೇ ಅನಿಸಿತು.

ಮಕ್ಕಳನ್ನು ಕಾರವಾರದ ಟಾಗೋರ್ ಬೀಚಿನಲ್ಲಿ ನೋಡೋಕೆ ಇಟ್ಟ ಹಳೇ ಯುದ್ಧನೌಕೆ ಐಎನ್‌ಎಸ್ ಚಪಲ್ ಒಳಗೆ ಕರೆದುಕೊಂಡು ಹೋದಾಗೆಲ್ಲ ನನಗೆ ನೊಸ್ಟ್ರೊಮೊ ನೆನಪಾಗ್ತದೆ. ಆ ಇಕ್ಕಟ್ಟು, ತಲೆ ಮೇಲೆ ಪೈಪು, ಕಬ್ಬಿಣದ ಏಣಿ. ಪ್ರತೀ ಸಲ ಹಣೆ ಬಡಿಸಿಕೊಂಡೇ ಹೊರಗೆ ಬರ್ತೇನೆ.

ಬಿಣಗಾ ಹುಡುಗಿ:
ಸ್ಪಾಯ್ಲರ್ ಅಂತ ಮೇಲೆ ಬರೀರಪ್ಪಾ, ನಾನು ಒಂದನೇದು ಇನ್ನೂ ಪೂರ್ತಿ ನೋಡಿಲ್ಲ!

ಅಟ್ಟದ ಹೆಗಡೆ:
1979ರ ಸಿನಿಮಾಕ್ಕೆ ಎಂತ ಸ್ಪಾಯ್ಲರ್ ತಂಗಿ. ರಾಮಾಯಣದಲ್ಲಿ ರಾವಣ ಸಾಯ್ತಾನೆ, ಅದನ್ನೂ ಹೇಳಬಾರದಾ?

ಬಳಚು ಅಕ್ಕೋರು:
ಕುಮಟಾದವಳು ನಾನು, ಶಾಲೆಯಲ್ಲಿ ವಿಜ್ಞಾನ ಹೇಳಿಕೊಡ್ತೇನೆ. ಭಾಗ ಒಂದೋ ಎರಡೋ ಅನ್ನೋ ಜಗಳಕ್ಕೆ ಬರೋದಿಲ್ಲ. ನನ್ನ ಕತೆ ಅಜ್ಜಿಯದು.

ಮೊದಲನೇದರಲ್ಲಿ ಹಡಗಿನ ಕೇನ್ ಅನ್ನೋನ ಮುಖಕ್ಕೆ ಅಂಟಿಕೊಂಡ ಪ್ರಾಣಿ ಸತ್ತ ಮೇಲೆ ಹಡಗಿನ ವಿಜ್ಞಾನಿ ಆ್ಯಶ್ ಅದನ್ನು ಟ್ರೇಯಲ್ಲಿ ಅಂಗಾತ ಹಾಕಿ ಕಡ್ಡಿಯಿಂದ ಕೆದಕ್ತಾನಲ್ಲ? ನಾನು ಲ್ಯಾಪ್‌ಟಾಪಿನಲ್ಲಿ ನೋಡ್ತಿದ್ದೆ. ಅಜ್ಜಿ ಪಕ್ಕದಲ್ಲೇ ಮೆಟ್ಟುಗತ್ತಿ ಮುಂದೆ ಕೂತಿದ್ದರು. ಒಂದು ಸಲ ಬಗ್ಗಿ ನೋಡಿ "ಇದು ಕಲ್ವ ಅಲ್ವನೆ? ಯಾರು ಬಿಚ್ಚಿದ್ದು, ಎಲ್ಲಾ ಹಾಳು ಮಾಡಿದ್ದಾನೆ" ಅಂದರು. ಕಲ್ವ ಅಂದರೆ ಬಂಡೆಗೆ ಅಂಟಿಕೊಂಡಿರೋ ಚಿಪ್ಪುಜೀವಿ, ಆಯ್‌ಸ್ಟರ್. ನಾನು ನಕ್ಕು ಸುಮ್ಮನಾದೆ. ಆಮೇಲೆ ಆ ಚಿತ್ರದ ತಯಾರಿ ಬಗ್ಗೆ ಓದುವಾಗ ಸಿಕ್ತು: ಆ ದೃಶ್ಯಕ್ಕೆ ನಿಜವಾಗಿಯೂ ಹಸಿ ಕಲ್ವ, ಚಿಪ್ಪುಮೀನು, ಕುರಿಯ ಮೂತ್ರಪಿಂಡ ಜೋಡಿಸಿದ್ದರಂತೆ. ಅಘನಾಶಿನಿ ಹಿನ್ನೀರಿನಲ್ಲಿ ಐವತ್ತು ವರ್ಷ ಬಳಚು (ಒಂದು ಬಗೆಯ ಚಿಪ್ಪುಮೀನು) ಆರಿಸಿದ ಕೈಗೆ ಹಾಲಿವುಡ್ ಏನು ಮೋಸ ಮಾಡೀತು.

ಮೊಟ್ಟೆಯೊಳಗೆ ಏನೋ ಮಿಸುಕಾಡ್ತದಲ್ಲ, ಅದು ನಿರ್ದೇಶಕ ರಿಡ್ಲಿ ಸ್ಕಾಟ್‌ ಅವರದೇ ಕೈ, ರಬ್ಬರ್ ಕೈಗವಸು ಹಾಕಿಕೊಂಡು. ಆ್ಯಶ್ ಮನುಷ್ಯನಲ್ಲ, ಯಂತ್ರಮಾನವ; ಅವನ ತಲೆ ಕಿತ್ತಾಗ ಬರೋ ಬಿಳಿ ರಕ್ತದಲ್ಲಿ ಹಾಲು, ಗಾಜಿನ ಗೋಲಿ ಎಲ್ಲ ಇದ್ದವು. ಹಡಗಿನ ಕಾಲು ದೊಡ್ಡದಾಗಿ ಕಾಣಲಿ ಅಂತ ಸ್ಕಾಟ್ ತನ್ನ ಮಕ್ಕಳಿಗೇ ಸಣ್ಣ ಅಂತರಿಕ್ಷ ಉಡುಪು ಹೊಲಿಸಿ ಅದರ ಕೆಳಗೆ ನಡೆಸಿದರು. ನಮ್ಮ ಶಾಲೆ ಗ್ಯಾದರಿಂಗಿನ ನಾಟಕಕ್ಕೆ ರಟ್ಟು ಕತ್ತರಿಸೋ ಕೆಲಸಕ್ಕಿಂತ ಇದು ಬೇರೆಯೇನಲ್ಲ.

ಇನ್ನು, ಕತೆ ಬರೆದ ಡ್ಯಾನ್ ಒ'ಬ್ಯಾನನ್‌ಗೆ ಮನುಷ್ಯನ ಒಳಗೆ ಬೆಳೆದು ಎದೆ ಒಡೆದು ಹೊರಬರೋ ಪ್ರಾಣಿ ಹೊಳೆದದ್ದು ಪರಾವಲಂಬಿ ಕಣಜಗಳಿಂದ. ಮಕ್ಕಳಿಗೆ ಸಿನಿಮಾ ತೋರಿಸೋಕೆ ಆಗೋದಿಲ್ಲ, ಅದಕ್ಕೆ ಲಿಂಬೆ ಗಿಡ ತೋರಿಸ್ತೇನೆ. ಎಲೆ ಮೇಲೆ ಹಸಿರು ಹುಳ ಕೂತಿರ್ತದೆ, ಅದರ ಬೆನ್ನಿಗೆ ಬಿಳಿ ಅಕ್ಕಿಕಾಳು ಅಂಟಿಸಿದ ಹಾಗೆ. ಮಕ್ಕಳು ಅದನ್ನು ಮೊಟ್ಟೆ ಅಂದುಕೊಳ್ತಾರೆ. ಅಲ್ಲ. ಕಣಜ ಮೊದಲೇ ಹುಳದ ಒಳಗೆ ಮೊಟ್ಟೆ ಚುಚ್ಚಿ ಹೋಗಿರ್ತದೆ. ಮರಿಗಳು ಒಳಗೇ ತಿಂದು ಬೆಳೆದು, ಹುಳ ಜೀವಂತ ಇರುವಾಗಲೇ ಚರ್ಮ ಕೊರೆದು ಹೊರಬಂದು, ಅದರ ಬೆನ್ನ ಮೇಲೇ ಗೂಡು ಕಟ್ಟಿದ್ದು. ಹೋದ ವರ್ಷ ಆರನೇ ತರಗತಿ ಹುಡುಗ ಒಬ್ಬ ಅರ್ಧ ತಾಸು ನೋಡಿ "ಅಕ್ಕೋರೇ, ಹುಳಕ್ಕೆ ಗೊತ್ತಾಗ್ತದಾ?" ಅಂತ ಕೇಳಿದ. ಆ ಪ್ರಶ್ನೆ ಕೇಳಿ ನನಗೆ ಆದ ಮೈ ಜುಮ್ ಸಿನಿಮಾ ನೋಡಿ ಆಗಲಿಲ್ಲ.

ಬೈತಖೋಲ ಬೋಟು:
ಅಕ್ಕೋರೇ, ಮೀನಿನ ಬಾಯಲ್ಲಿ ಇರ್ತದಲ್ಲ ಬಿಳಿ ಹುಳ, ಕಾಲು ಇದ್ದದ್ದು? ಬಾಯಿ ತೆರೆದರೆ ನಮ್ಮನ್ನೇ ನೋಡ್ತಾ ಕೂತಿರ್ತದೆ. ಸಣ್ಣವನಿದ್ದಾಗ ಅದನ್ನ ಕಂಡು ಎರಡು ದಿನ ಮೀನು ತಿಂದಿಲ್ಲ. ಅದೂ ಇದೇ ಜಾತಿಯಾ?

ಬಳಚು ಅಕ್ಕೋರು:
ಅದು ಸಿಗಡಿ, ಏಡಿಯ ದೂರದ ನೆಂಟ. ಮರಿ ಇದ್ದಾಗ ಕಿವಿರಿನಿಂದ ಒಳಗೆ ಹೋಗ್ತದೆ. ಕೆಲವು ಜಾತಿಯವು ನಾಲಿಗೆ ಮೇಲೆ ಕೂತು ರಕ್ತ ಹೀರಿ, ನಾಲಿಗೆ ಸೊರಗಿದ ಮೇಲೆ ಅದರ ಜಾಗದಲ್ಲೇ ಉಳಿದುಬಿಡ್ತವೆ. ತಿಂದರೆ ಮನುಷ್ಯರಿಗೆ ಏನೂ ಆಗೋದಿಲ್ಲ. ನೀವು ಆ ಎರಡು ದಿನದ ಮೀನು ಕಳೆದುಕೊಂಡಿರಿ ಅಷ್ಟೇ.

ನೇತ್ರಾಣಿ ಮುಳುಗು:
ಅಕ್ಕೋರು ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ಏಲಿಯನ್ ಬಾಯಿ ತೆರೆದರೆ ಒಳಗಿಂದ ಇನ್ನೊಂದು ಬಾಯಿ ಮುಂದೆ ಬರ್ತದಲ್ಲ, ಅದು ಹಾವುಮೀನಿಗೆ ನಿಜವಾಗಿ ಇದೆ. ಮೋರೆ ಈಲ್ ಅಂತಾರೆ, ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಬಂಡೆ ಸಂದಿಯಿಂದ ತಲೆ ಹೊರಗೆ ಹಾಕಿಕೊಂಡು ಬಾಯಿ ತೆರೀತಾ ಮುಚ್ಚುತಾ ಇರ್ತದೆ. ಉಸಿರಾಟಕ್ಕೆ ಹಾಗೆ ಮಾಡೋದು, ಹೊಸಬರು ಹೆದರಿ ಮೇಲೆ ಏಳೋಕೆ ನೋಡ್ತಾರೆ. ಅದರ ಗಂಟಲಲ್ಲಿ ಎರಡನೇ ದವಡೆ ಇದೆ. ಬೇಟೆ ಕಚ್ಚಿದ ಮೇಲೆ ಅದು ಮುಂದೆ ಬಂದು ಹಿಡಿದು ಒಳಗೆ ಎಳೀತದೆ. ಮಜಾ ಏನಂದ್ರೆ ವಿಜ್ಞಾನಿಗಳು ಇದು ಕೆಲಸ ಮಾಡೋ ರೀತಿ ವಿಡಿಯೋ ಹಿಡಿದು ತೋರಿಸಿದ್ದು 2007ರಲ್ಲಿ. ಸಿನಿಮಾ ಬಂದು 28 ವರ್ಷ ಆಗಿತ್ತು.

ಅದಕ್ಕೇ ನನಗೆ ನಾಲ್ಕನೇದರ ನೀರಿನೊಳಗಿನ ಈಜು ಇಷ್ಟ. 1997ರ ರಿಸರೆಕ್ಷನ್‌ ಅನ್ನು ಎಲ್ಲರೂ ಬೈತಾರೆ, ಕೊನೆಯ ಆ ಬಿಳಿ ಕೂಸು ನನಗೂ ಸಹಿಸೋಕೆ ಆಗಿಲ್ಲ. ಆದರೆ ಅಡುಗೆಮನೆ ಮುಳುಗಿ, ಉಸಿರು ಕಟ್ಟಿ ಈಜ್ತಾ, ಹಿಂದೆ ಎರಡು ಏಲಿಯನ್ ಬಾಲ ಬೀಸ್ತಾ ಬರೋದು ನೋಡಿ. ನೀರಲ್ಲಿ ಅವು ನಮಗಿಂತ ಚೆಂದ ಈಜ್ತವೆ.

ತದಡಿ ತಕರಾರು:
ಮೂರನೇದರ ಹೆಸರನ್ನೇ ಯಾರೂ ಎತ್ತಿಲ್ಲ. ನಾಚಿಕೆಯಾಗಬೇಕು ನಿಮಗೆ.

ಅಟ್ಟದ ಹೆಗಡೆ:
ನಾಚಿಕೆ ನಮಗಲ್ಲ, ಅದನ್ನು ತೆಗೆದವರಿಗೆ. ಎರಡನೇ ಭಾಗದಲ್ಲಿ ಎರಡೂವರೆ ತಾಸು ಜೀವ ಕೈಲಿ ಹಿಡಿದುಕೊಂಡು ನ್ಯೂಟ್ ಅನ್ನೋ ಪುಟ್ಟ ಹುಡುಗಿ ಮತ್ತು ಸೈನಿಕ ಹಿಕ್ಸ್‌ನ ಉಳಿಸಿಕೊಳ್ತೇವೆ. ಮೂರನೇದರಲ್ಲಿ ಹೆಸರುಪಟ್ಟಿ ಮುಗಿಯೋದರೊಳಗೆ ಇಬ್ಬರನ್ನೂ ಸಾಯಿಸಿ ಇಟ್ಟಿದ್ದಾರೆ. ಮದುವೆ ಮನೆಯಿಂದ ಬಂದವರಿಗೆ ಬಾಗಿಲಲ್ಲೇ ಸೂತಕ ಹೇಳಿದ ಹಾಗೆ. ಬಿಡೋದಿಲ್ಲ ನಾನು ಅದನ್ನ.

ತದಡಿ ತಕರಾರು:
ಹೆಗಡೇರೆ, ಸಿಟ್ಟು ನನಗೂ ಬಂದಿತ್ತು. ಧಾರವಾಡದ ಹಾಸ್ಟೆಲಿನಲ್ಲಿ ನೋಡಿ ಅರ್ಧಕ್ಕೇ ಎದ್ದು ಹೋದವನು ನಾನು. ಹತ್ತು ವರ್ಷ ಬಿಟ್ಟು ಮತ್ತೆ ಕೂತೆ, ಆಗ ಹಿಡೀತು. 1992, ಡೇವಿಡ್ ಫಿಂಚರ್‌ನ ಮೊದಲನೇ ಚಿತ್ರ. ಸ್ಟುಡಿಯೋದವರು ಕಾಟ ಕೊಟ್ಟು ಅವರಿಗೇ ಬೇಜಾರು ಹಿಡಿಸಿದ ಚಿತ್ರ. ಆದರೂ ನೋಡಿ: ಕೈದಿಗಳ ಗ್ರಹ, ಯಾರ ಹತ್ತಿರವೂ ಒಂದು ಬಂದೂಕಿಲ್ಲ, ಎಲ್ಲರ ತಲೆ ನುಣ್ಣಗೆ. ರಿಪ್ಲಿಯದೂ. ಮಗಳಂತೆ ಸಾಕಿದ ಹುಡುಗಿ ಸತ್ತಿದ್ದಾಳೆ, ಅವಳ ಮೈಯೊಳಗೇ ಆ ಪ್ರಾಣಿ ಇದೆ. ಏಲಿಯನ್ ಅವಳ ಕೆನ್ನೆ ತನಕ ಬಂದು ಜೊಲ್ಲು ಸುರಿಸಿ, ಮುಟ್ಟದೆ ಹೋಗ್ತದೆ. ಇಡೀ ಸರಣಿಯಲ್ಲಿ ಇದಕ್ಕಿಂತ ದುಃಖದ ಹೆದರಿಕೆ ಇಲ್ಲ.

2003ರಲ್ಲಿ ಹೊರಬಂದ ಉದ್ದನೆಯ ಆವೃತ್ತಿ ನೋಡಿ. ಚಿತ್ರಮಂದಿರದ್ದರಲ್ಲಿ ಅದು ನಾಯಿಯಿಂದ ಹುಟ್ಟೋದು, ಇದರಲ್ಲಿ ಎತ್ತಿನಿಂದ. ಕತೆಯೂ ಸ್ವಲ್ಪ ಉಸಿರಾಡ್ತದೆ. ನೋಡಿದ ಮೇಲೂ ಬೈದರೆ ತಕರಾರಿಲ್ಲ.

ಅಟ್ಟದ ಹೆಗಡೆ:
ನೋಡ್ತೆ. ಬೈಯೋದು ಬೈಯೋದೇ.

ಗುಣವಂತೆ ಚೌಕಿ:
ಎರಡು ದಿನದಿಂದ ಓದ್ತಾ ಇದ್ದೇನೆ, ಬರೀದೆ ಇರೋಕೆ ಆಗ್ಲಿಲ್ಲ. ಹೆಗಡೆಯವರು ಮೊದಲನೇದು ನಿಧಾನ ಅಂದರಲ್ಲ. ಯಕ್ಷಗಾನದಲ್ಲಿ ರಾಕ್ಷಸ ವೇಷದ ಪ್ರವೇಶ ನೋಡಿದವರು ಹಾಗನ್ನಬಾರದು. ಮೊದಲು ತೆರೆಯ ಹಿಂದಿನಿಂದ ಅಬ್ಬರ ಕೇಳ್ತದೆ. ಚಂಡೆ ಏರ್ತದೆ. ತೆರೆ ಮೇಲೆ ಬೆರಳು ಕಾಣ್ತದೆ, ಆಮೇಲೆ ಕಿರೀಟದ ತುದಿ. ತೆರೆ ಒಮ್ಮೆ ತಗ್ಗಿ ಮತ್ತೆ ಏರ್ತದೆ. ಮುಂದೆ ಕೂತ ಮಕ್ಕಳು ಆಗಲೇ ಅಮ್ಮನ ಸೆರಗು ಹಿಡಿದಿರ್ತಾರೆ, ವೇಷ ಇನ್ನೂ ಪೂರ್ತಿ ಹೊರಗೆ ಬಂದಿರೋದೇ ಇಲ್ಲ. ಮೊದಲ ಚಿತ್ರದಲ್ಲಿ ದೊಡ್ಡ ಏಲಿಯನ್ ಪರದೆ ಮೇಲೆ ಕಾಣೋದು ಎಲ್ಲ ಕೂಡಿಸಿದರೆ ಸುಮಾರು ನಾಲ್ಕು ನಿಮಿಷ. ಬಾಲ, ಕೈ, ಹಲ್ಲು, ಅಷ್ಟೇ.

ಒಳಗಿದ್ದ ಮನುಷ್ಯನನ್ನು ಯಾರೂ ನೆನೆಯೋದಿಲ್ಲ. ಬೊಲಾಜಿ ಬಡೇಜೊ, ನೈಜೀರಿಯಾದವರು, ಲಂಡನ್ನಿನಲ್ಲಿ ಓದ್ತಿದ್ದ ವಿದ್ಯಾರ್ಥಿ. ಪಬ್ಬಿನಲ್ಲಿ ಯಾರೋ ಅವರ ಎತ್ತರ ನೋಡಿ ಕರೆತಂದರು, ಏಳಡಿಗೆ ಬರೀ ಎರಡಿಂಚು ಕಮ್ಮಿ. ನಡಿಗೆ ಕಲಿಯೋಕೆ ತೈ ಚಿ, ಮೂಕಾಭಿನಯದ ತರಬೇತಿ ಕೊಟ್ಟರು. ವೇಷ ಕಟ್ಟಿಕೊಂಡರೆ ಸೆಖೆ ಎಂಥದ್ದು ಅಂತ ಬಲ್ಲವರೇ ಬಲ್ಲರು. ವೇಷದ ರೂಪ ಸ್ವಿಟ್ಜರ್ಲೆಂಡಿನ ಕಲಾವಿದ ಗೀಗರ್ ಅವರದು, ಕಣ್ಣೇ ಇಡಲಿಲ್ಲ ಅವರು. ನಮ್ಮಲ್ಲಿ ಕಣ್ಣಿಗೆ ಕೆಂಪು ಮಾಡಿ ಹೆದರಿಸ್ತೇವೆ, ಅವರು ಕಣ್ಣನ್ನೇ ತೆಗೆದು ಹೆದರಿಸಿದರು. ಎಲ್ಲಿ ನೋಡ್ತಾ ಇದೆ ಅಂತಲೇ ಗೊತ್ತಾಗೋದಿಲ್ಲ.

ಬಿಣಗಾ ಹುಡುಗಿ:
ಸರಿ, ನಿನ್ನೆ ರಾತ್ರಿ ಒಂದನೇದು ಮುಗಿಸಿದೆ. ಈಗ ಯಾರು ಏನು ಬೇಕಾದರೂ ಹೇಳಿ.

ನಾನು ಉಲ್ಟಾ ಬಂದವಳು. 2024ರ ರೊಮ್ಯುಲಸ್ ಮೊದಲು ನೋಡಿದೆ, ಗೆಳತಿಯರ ಜೊತೆ ಮಡಗಾಂವಕ್ಕೆ ಹೋಗಿ. ಬರುವಾಗ ಕಾರಿನಲ್ಲಿ ಯಾರೂ ಹಿಂದಿನ ಸೀಟಿನ ಕತ್ತಲೆ ಕಡೆ ತಿರುಗಲಿಲ್ಲ. ಬೋಟಣ್ಣ ಹೇಳೋ ಪಾಲಿನ ವಿಷಯ ಅದರಲ್ಲೂ ಇದೆ. ರೈನ್ ಅನ್ನೋ ಹುಡುಗಿ ಗಣಿ ಕಂಪನಿಗೆ ಕೊಡಬೇಕಾದ ಕೆಲಸದ ಗಂಟೆ ಎಲ್ಲ ಮುಗಿಸಿ ಬಿಡುಗಡೆ ಕೇಳೋಕೆ ಕೌಂಟರಿಗೆ ಹೋಗ್ತಾಳೆ. ಕೂತವಳು ನಗುಮುಖದಲ್ಲೇ ಗಂಟೆ ಏರಿಸಿದ್ದೇವೆ ಅಂತಾಳೆ. ಆಮೇಲೆ ಬಂದ ಏಲಿಯನ್‌ಗಿಂತ ಆ ಕೌಂಟರ್ ನನಗೆ ಹೆಚ್ಚು ನೆನಪಿದೆ. ಒಪ್ಪಂದದ ನೌಕರಿ ಮಾಡಿದವರಿಗೆ ಗೊತ್ತು.

ಒಂದೇ ಬೇಸರ, 2020ರಲ್ಲಿ ತೀರಿಕೊಂಡ, ಮೊದಲನೇದರಲ್ಲಿ ಆ್ಯಶ್ ಆಗಿದ್ದ ನಟ ಇಯಾನ್ ಹೋಮ್ ಮುಖವನ್ನು ಯಂತ್ರಮಾನವನಿಗೆ ಅಂಟಿಸಿದ್ದು. ಮನೆಯವರು ಒಪ್ಪಿದ್ದರಂತೆ. ನನಗ್ಯಾಕೋ ಸರಿ ಅನಿಸಲಿಲ್ಲ.

ಮಲ್ಲಾಪುರ ಶಿಫ್ಟು:
ಪ್ರೊಮೀಥಿಯಸ್ ಬಗ್ಗೆ?

ತದಡಿ ತಕರಾರು:
ಗೊತ್ತಿಲ್ಲದ ಗ್ರಹದಲ್ಲಿ ಹೆಲ್ಮೆಟ್ ತೆಗೆಯೋ ವಿಜ್ಞಾನಿಗಳ ಬಗ್ಗೆ ಮಾತಾಡೋದೇನಿದೆ. ಮುಂದೆ ಹೋಗಿ.

ಬೈತಖೋಲ ಬೋಟು:
ಮೂರು ದಿನದಿಂದ ಬರೀಲಿಲ್ಲ, ಕಾರಣ ಹೇಳ್ತೇನೆ.

ಇದೆಲ್ಲ ಓದಿ ಅಪ್ಪನಿಗೆ ಹೇಳಿದೆ. ಈಗ ಎಪ್ಪತ್ತು ದಾಟಿದೆ, ಕಡಲಿಗೆ ಹೋಗೋದು ಬಿಟ್ಟು ಹತ್ತು ವರ್ಷ. "ಆ ಪಾಲಿನ ಸಿನಿಮಾ ಹಾಕು ನೋಡುವ" ಅಂದರು. ಹಾಕಿ, ಮಾತು ಮಾತಿಗೂ ಅರ್ಥ ಹೇಳ್ತಾ ಹೋದೆ. ಎದೆ ಒಡೆದು ಬಂದಾಗ "ಹ್ಞೂಂ" ಅಂದರು, ಅಷ್ಟೇ. ಜನ ಹೋದರೂ ಪ್ರಾಣಿ ಉಳಿಸಿ ತನ್ನಿ ಅಂತ ಕಂಪನಿಯ ಗುಟ್ಟಿನ ಆಜ್ಞೆ ಇತ್ತು ಅಂತ ಗೊತ್ತಾಗೋ ಜಾಗದಲ್ಲಿ ಎದ್ದು ಕೂತರು. ಮುಗಿದ ಮೇಲೆ ಒಂದೇ ಪ್ರಶ್ನೆ: "ಹಾಗಾದ್ರೆ ಇವಳಿಗೆ ಪಾಲು ಸಿಕ್ತಾ?"

ಹೆಗಡೇರೆ, ನೀವೇ ಹೇಳಿ ಈಗ.

ಅಟ್ಟದ ಹೆಗಡೆ:
ಹ್ಹ! ಎರಡನೇ ಭಾಗ ಹಾಕಿ ಮಾರಾಯ್ರೆ. ಮೊದಲ ಇಪ್ಪತ್ತು ನಿಮಿಷದಲ್ಲೇ ಉತ್ತರ ಇದೆ. 57 ವರ್ಷ ನಿದ್ದೆಯಲ್ಲಿ ತೇಲಿ ಬಂದವಳನ್ನು ಮೇಜಿನ ಮುಂದೆ ಕೂರಿಸಿ ವಿಚಾರಣೆ. ಸತ್ತ ಆರು ಜನರ ಫೋಟೋ ಹಿಂದಿನ ಪರದೆಯಲ್ಲಿ ಓಡ್ತಾ ಇರ್ತದೆ, ಅವರು ಕೇಳೋದು ನಾಲ್ಕು ಕೋಟಿ 20 ಲಕ್ಷ ಡಾಲರಿನ ಹಡಗು ಯಾಕೆ ಸುಟ್ಟೆ ಅಂತ. ಪಾಲು ಹೋಗ್ಲಿ, ಲೈಸೆನ್ಸೂ ಕಿತ್ತುಕೊಂಡು ಬಂದರಿನಲ್ಲಿ ಸಾಮಾನು ಎತ್ತೋ ಕೆಲಸಕ್ಕೆ ಹಚ್ಚಿದರು. ಪವರ್ ಲೋಡರ್ ಓಡಿಸೋಕೆ ಕಲಿತಿದ್ದೇ ಹಾಗೆ. ಎರಡನೇದು ಬೋಟಿನವರ ಸಿನಿಮಾ ಅಲ್ಲ ಅಂದಿರಲ್ಲ ನೀವು.

ಬೈತಖೋಲ ಬೋಟು:
ಸೋತೆ.

ನಿನ್ನೆ ರಾತ್ರಿ ಹಾಕಿದೆ. ವಿಚಾರಣೆಯ ಜಾಗ ಬಂದಾಗ ಅಪ್ಪ ನಿಲ್ಲಿಸು ಅಂದರು. ಬೀಡಿ ಹಚ್ಚಿದರು. ಆಮೇಲೆ ನಾನು ಇಷ್ಟು ವರ್ಷ ಕೇಳದ ಒಂದು ಕತೆ ಹೇಳಿದರು. ನಾನು ಹುಟ್ಟೋ ಮೊದಲಿನದಂತೆ. ಬಲೆ ತುಂಬ ಮೀನು ಬಿದ್ದಿದೆ, ಗಾಳಿ ಎದ್ದಿದೆ, ಬೋಟು ಒಂದು ಕಡೆ ವಾಲಿ ನೀರು ಒಳಗೆ ಬರ್ತಾ ಇದೆ. ಅಪ್ಪ ಕತ್ತಿ ತಗೊಂಡು ಹಗ್ಗ ಕಡಿದರು. ಬಲೆ, ಮೀನು ಎರಡೂ ಹೋಯ್ತು, ಬೋಟು ನೇರ ಆಯ್ತು. ದಡಕ್ಕೆ ಬಂದ ಮೇಲೆ ಬೋಟಿನ ಮಾಲಕರು ಜಗಲಿ ಮೇಲೆ ಕುರ್ಚಿ ಹಾಕಿ ಕೂರಿಸಿ, ಚಹಾ ಕೊಟ್ಟು, ಬಲೆ ಎಷ್ಟು ಕಿಲೋ ಇತ್ತು ಅಂತ ಕೇಳಿದರಂತೆ. ಎರಡು ಸೀಸನ್ ಪಾಲಿನಲ್ಲಿ ಅದನ್ನು ಮುರಿದುಕೊಂಡರು. "ಚಹಾ ಮಾತ್ರ ಚಲೋ ಇತ್ತು" ಅಂದರು ಅಪ್ಪ.

ಆಮೇಲೆ ಹಾಕು ಅಂದರು.

ಬಳಚು ಅಕ್ಕೋರು:
ಪೂರ್ತಿ ನೋಡಿದರಾ?

ಬೈತಖೋಲ ಬೋಟು:
ಇಲ್ಲ ಅಕ್ಕೋರೇ, ಕರೆಂಟು ಹೋಯ್ತು. ರಿಪ್ಲಿ ಮತ್ತೆ ಆ ಗ್ರಹಕ್ಕೆ ಹೊರಡೋ ತನಕ ಆಯ್ತು. ಅಪ್ಪನಿಗೆ ಬೆಕ್ಕಿನ ಚಿಂತೆ. ಅದನ್ನೂ ಕರ್ಕೊಂಡು ಹೋಗ್ತಾಳಾ ಅಂತ ಕೇಳಿದರು. ಇಲ್ಲ, ಜೋನ್ಸಿನ ಈ ಸಲ ಅಲ್ಲೇ ಬಿಟ್ಟು ಹೋಗ್ತಾಳೆ ಅಂದೆ. "ಬುದ್ಧಿ ಬಂತು" ಅಂದು ಚಾದರ ಎಳಕೊಂಡು ಮಲಗಿದರು. ಉಳಿದದ್ದು ಇವತ್ತು ರಾತ್ರಿ, ಕರೆಂಟು ಇದ್ದರೆ.